ಕುಸುಬಿ ಎಣ್ಣೆಯ ಜರ್ಮನ್ ಬೋಲ್ಟು

ಮೊನ್ನೆ ನಮ್ಮ ಮನೆಯ ವಾಶಿಂಗ್ ಮಶೀನು ಕಟಕಟ ಹಲ್ಲು ಕಡಿದು ನಿಂತುಬಿಟ್ಟಿತು. ರಿಪೇರಿಗೆ ಬಂದವನು ಅದರ ಹೊಟ್ಟೆಯೊಳಗೆ ಕೈಹಾಕಿ ಒಂದು ನಟ್ಟು ತೆಗೆದು ನನ್ನ ಹೆಂಡತಿಯ ಅಂಗೈಯಲ್ಲಿಟ್ಟ. ಇದು ಮಶೀನಿನದಲ್ಲ, ಎಲ್ಲಿಂದ ಬಂತೋ ಗೊತ್ತಿಲ್ಲ ಎಂದು ಮರಾಠಿಯಲ್ಲಿ ಹೇಳಿ ಹೊರಟುಹೋದ. ಎಲ್ಲಿಂದ ಬಂತೆಂದು ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು.

"ರಿಟಾಯರ್ ಆಗಿ ಕೂತು ಎಷ್ಟು ದಿನಾ ಆತು. ಇನ್ನೂ ಕಿಸೆದಾಗ ನಟ್ಟು ಇಟ್ಕೊಂಡು ಯಾರನ್ನ ಪರೀಕ್ಷಾ ಮಾಡವ್ರಿದ್ದೀರಿ?" ಎಂದಳು.

ನನಗೆ ಮೊದಲು ಬಂದ ಯೋಚನೆಯೇ ಬೇರೆ. ಆ ರಿಪೇರಿಯವನು ತನ್ನ ಚೀಲದ ನಟ್ಟನ್ನೇ ಕೈಚಳಕದಿಂದ ಒಳಗೆ ಹಾಕಿ ಹೊರಗೆ ತೆಗೆದನೋ ಏನೋ. ಕಿಸೆ ಮುಟ್ಟಿ ನೋಡಿಕೊಂಡೆ, ಖಾಲಿ ಇತ್ತು. ನಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ನನ್ನದೇ. ಆ ಬಡಪಾಯಿಯ ಮೇಲೆ ಸುಮ್ಮನೆ ಸಂಶಯಪಟ್ಟಿದ್ದೆ. ಆದರೆ ಏನು ಮಾಡಲಿ ಹೇಳಿ, ಸಂಶಯ ಪಡುವುದಕ್ಕೆಂದೇ ಒಂದು ಕಂಪನಿ ನನಗೆ ವರ್ಷಗಟ್ಟಲೆ ಸಂಬಳ ಕೊಟ್ಟಿದೆ.

ಹಾಗಂತ ಈ ಗುಣ ನೌಕರಿಯಿಂದ ಬಂದದ್ದೂ ಅಲ್ಲ. ನಮ್ಮ ಅಪ್ಪ ಧಾರವಾಡದಲ್ಲಿ ಕಾರಕೂನರಾಗಿದ್ದರು. ಬೆಳಿಗ್ಗೆ ಗೌಳಿ ಎಮ್ಮೆ ಹೊಡೆದುಕೊಂಡು ಬಾಗಿಲಿಗೆ ಬಂದರೆ ಅಪ್ಪ ಹಲ್ಲುಜ್ಜುವುದನ್ನು ನಿಲ್ಲಿಸಿ ಹೊರಗೆ ಬರುತ್ತಿದ್ದರು. ಗೌಳಿ ತನ್ನ ಚರಿಗೆಯನ್ನು ಬೋರಲು ಹಾಕಿ, ಒಳಗೆ ನೀರಿಲ್ಲವೆಂದು ತೋರಿಸಿ, ಆಮೇಲೆ ಕರೆಯಲು ಕೂರಬೇಕು. ಅವನ ತೋಳಿನ ಕೆಳಗೆ ನೀರಿನ ಚೀಲವೇನಾದರೂ ಇದೆಯೋ ಎಂದು ಅಪ್ಪ ಬಗ್ಗಿ ನೋಡುತ್ತಿದ್ದರು. ಸಂತೆಗೆ ಹೋದರೆ ನನಗಿಂತ ದೊಡ್ಡವಳಾದ ಸುಮಿತ್ರಕ್ಕನನ್ನು ಕರೆದುಕೊಂಡೇ ಹೋಗಬೇಕು. ಗಡಿಗೆಯನ್ನು ಬೆರಳಿನಿಂದ ಬಾರಿಸಿ ಮೊದಲು ತಮ್ಮ ಕಿವಿಗೆ ಹಿಡಿದು, ಆಮೇಲೆ ಅಕ್ಕನ ಕಿವಿಗೆ ಹಿಡಿಯುತ್ತಿದ್ದರು. ಅಕ್ಕ ಮೋರೆ ಸಿಂಡರಿಸಿದರೆ ಗಡಿಗೆ ಅಲ್ಲೇ ಉಳಿಯಿತು. ನನ್ನ ಕಿವಿಗೆ ಮಾತ್ರ ಯಾರೂ ಒಂದು ಗಡಿಗೆಯನ್ನೂ ಹಿಡಿಯಲಿಲ್ಲ. ಅದರ ಸಿಟ್ಟನ್ನು ಮುಂದೆ ನಾನು ಪುಣೆಯ ಅಂಗಡಿಕಾರರ ಮೇಲೆ ತೀರಿಸಿಕೊಂಡೆ ಅಂತ ನನ್ನ ಹೆಂಡತಿಯ ಅಭಿಪ್ರಾಯ.

ತೊಂಬತ್ತರ ದಶಕದ ಕೊನೆಗೆ ನಾನು ಪುಣೆಯ ಹತ್ತಿರ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಖರೀದಿ ವಿಭಾಗದಲ್ಲಿದ್ದೆ. ಖರೀದಿಯವನ ಕುರ್ಚಿ ವಿಚಿತ್ರವಾದದ್ದು. ಅದರ ಮೇಲೆ ಕೂತವನು ಊರಿನ ವ್ಯಾಪಾರಿಗಳನ್ನೆಲ್ಲ ಸಂಶಯದಿಂದ ನೋಡುತ್ತಾನೆ, ಕಾರ್ಖಾನೆಯವರೆಲ್ಲ ಅವನನ್ನು ಸಂಶಯದಿಂದ ನೋಡುತ್ತಾರೆ. ನಾನು ಹೊಸ ಅಂಗಿ ತೊಟ್ಟು ಬಂದರೆ ಕ್ಯಾಂಟೀನಿನಲ್ಲಿ ನಾಲ್ಕು ಜನ ಅದರ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದರು. ಹೀಗಾಗಿ ನಾನೇ ಕಟ್ಟುನಿಟ್ಟು ಮಾಡಿಕೊಂಡಿದ್ದೆ. ಯಾವ ವಸ್ತುವಿಗೂ ಮೂರು ಅಂಗಡಿಗಳ ದರ ಬರಬೇಕು, ದೀಪಾವಳಿಯ ಮಿಠಾಯಿ ಪೆಟ್ಟಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು, ಸಂಬಂಧಿಕರ ಮಾಲು ಗೇಟಿನೊಳಗೆ ಬರಕೂಡದು. ಕೊನೆಯದು ಖರೀದಿಯವರಿಗೆಂದೇ ಕಂಪನಿ ಮಾಡಿದ ನಿಯಮ. ಆದರೆ ನಾನು ಅದನ್ನು ನನ್ನ ಕುಲಧರ್ಮವೆಂಬಂತೆ ಸಾರಿಕೊಂಡು ತಿರುಗುತ್ತಿದ್ದೆ. ಹೆಂಡತಿಯ ತಮ್ಮ ಮಶೀನು ಒರೆಸುವ ಅರಿವೆ ಚಿಂದಿಯನ್ನು ಸರಬರಾಜು ಮಾಡುತ್ತೇನೆಂದು ಬಂದಾಗ, ಹಬ್ಬದ ಊಟಕ್ಕೆ ಕೂತ ಬಳಗದ ಎದುರಿಗೇ, ನಾನಿರುವ ತನಕ ನಮ್ಮವರದೊಂದು ಮೊಳೆಯೂ ಒಳಗೆ ಬರುವುದಿಲ್ಲ ಎಂದು ಹೇಳಿ ಹೋಳಿಗೆಯ ರುಚಿ ಕೆಡಿಸಿದ್ದೆ. ಅವತ್ತು ಬಡಿಸುತ್ತಿದ್ದವಳು ಸುಮಿತ್ರಕ್ಕ. ಅವಳು ನನ್ನ ಎಲೆಗೆ ತುಪ್ಪ ಹಾಕಿ ಮುಂದೆ ಹೋದಳು.

ಅಕ್ಕನೂ ಪುಣೆಯಲ್ಲೇ ಇದ್ದಳು, ಕಾತ್ರಜದ ಹತ್ತಿರ. ಭಾವನವರು ಮನೆಯ ಹಿಂದೆಯೇ ತಗಡಿನ ಶೆಡ್ ಹಾಕಿ ಕಬ್ಬಿಣ ಕಡೆಯುವ ಒಂದು ಲೇಥು ಇಟ್ಟುಕೊಂಡಿದ್ದರು. ಅವರು ಹಠಾತ್ತನೆ ತೀರಿಕೊಂಡರು. ಅಕ್ಕ ನಮ್ಮ ಯಾರೆದುರಿಗೂ ಅಳಲಿಲ್ಲ. ಹದಿಮೂರನೆಯ ದಿನ ಮುಗಿದ ಮೇಲೆ ಮುಂದೆ ಹೇಗೆ ಎಂದು ಕೇಳಿದೆ. "ಶೆಡ್ ಬಾಡಿಗಿಗೆ ಕೊಡ್ತೀನಿ, ನೀ ಚಿಂತಿ ಮಾಡಬ್ಯಾಡ" ಎಂದಳು. ಆಮೇಲೆ ಕೇಳಿದಾಗಲೆಲ್ಲ ಬಾಡಿಗೆ ಬರುತ್ತದೆ ಎನ್ನುತ್ತಿದ್ದಳು. ಊರೆಲ್ಲವನ್ನೂ ಸಂಶಯದಿಂದ ನೋಡುತ್ತಿದ್ದ ನಾನು ಬಾಡಿಗೆದಾರ ಯಾರು ಎಂದು ಒಮ್ಮೆಯೂ ಕೇಳಲಿಲ್ಲ.

ಇಷ್ಟರಲ್ಲಿ ನಮ್ಮ ಮಾಲೀಕರು ಎಲ್ಲಿಂದಲೋ ಒಂದು ಹಳೆಯ ಜರ್ಮನ್ ಯಂತ್ರವನ್ನು ತಂದು ಕೂಡಿಸಿದರು. ಮುಪ್ಪಾದರೂ ಜಾತಿಯ ಯಂತ್ರ, ಕೆಲಸ ಚೆನ್ನಾಗಿ ಮಾಡುತ್ತಿತ್ತು. ಆದರೆ ಕೆಲಸದ ತುಂಡನ್ನು ಬಿಗಿಯುವ ಅದರ ಹಿಡಿಕೆಗಳಿಗೆಲ್ಲ ಏಳು ಮಿಲಿಮೀಟರಿನ ಬೋಲ್ಟು. ನಮ್ಮ ದೇಶದ ಅಂಗಡಿಗಳಲ್ಲಿ ಆರು ಸಿಗುತ್ತದೆ, ಎಂಟು ಸಿಗುತ್ತದೆ, ಏಳನ್ನು ಯಾರೂ ಕೇಳುವುದೂ ಇಲ್ಲ, ಇಡುವುದೂ ಇಲ್ಲ. ಕೆಲಸ ಬದಲಾದಾಗಲೆಲ್ಲ ಬಿಚ್ಚಿ ಹಾಕಬೇಕಾದ ಬೋಲ್ಟಾದ್ದರಿಂದ ಬೇಗ ಸವೆಯುತ್ತಿತ್ತು. ತೂತನ್ನೇ ಎಂಟಕ್ಕೆ ದೊಡ್ಡದು ಮಾಡೋಣವೆಂದರೆ ಅಲ್ಲಿಯ ಬೀಡುಕಬ್ಬಿಣ ತೆಳ್ಳಗಿತ್ತು, ಬಿರುಕು ಬಿಟ್ಟರೆ ಯಂತ್ರವೇ ಹೋಯಿತು. ತಂದಾಗ ಜೊತೆಗೆ ಬಂದಿದ್ದ ಬೋಲ್ಟುಗಳು ತೀರುತ್ತ ಬಂದಂತೆ ನಮ್ಮ ಮ್ಯಾನೇಜರ್ ಜೋಶಿ ಸಾಹೇಬರು ದಿನಾ ನನ್ನ ಮೇಜಿನ ಮುಂದೆ ಬಂದು ನಿಲ್ಲತೊಡಗಿದರು.

ನಾನು ರವಿವಾರ ಪೇಟೆಯ ಅಂಗಡಿಗಳನ್ನು ಸುತ್ತಿದೆ. ಪುಣೆಯ ಅಂಗಡಿಕಾರನಿಗೆ ಇಲ್ಲ ಎನ್ನುವುದರಲ್ಲಿರುವ ಆನಂದ ಇದೆ ಎನ್ನುವುದರಲ್ಲಿ ಇಲ್ಲ. ಅದರಲ್ಲೂ ಮಧ್ಯಾಹ್ನ ಒಂದರ ಸುಮಾರಿಗೆ, ಅವನು ಬಾಗಿಲೆಳೆದು ಮಲಗಲು ಹೊರಟಾಗ ಕೇಳಿದರಂತೂ ಮುಗಿಯಿತು. "ಸಾತ? ಸಾತ ಕುಣೀ ಬನವತಚ ನಾಹೀ, ಸಾಹೇಬ" ಎಂದು, ಏಳು ಎಂಬ ಸಂಖ್ಯೆಯೇ ಲೆಕ್ಕದಲ್ಲಿಲ್ಲವೆಂಬಂತೆ ಹೇಳಿದವನೊಬ್ಬ. ಇನ್ನೊಬ್ಬ ವಯಸ್ಸಾದ ಶೇಠ್ ಮಿಲಿಮೀಟರನ್ನೇ ನಂಬುತ್ತಿರಲಿಲ್ಲ. ಅವರದೆಲ್ಲ ಸೂತಿನ ಲೆಕ್ಕ, ಇಂಚಿಗೆ ಎಂಟು ಸೂತು. ನನ್ನ ಹಳೆಯ ಬೋಲ್ಟನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಅಡೀಚ ಸೂತ ಘ್ಯಾ. ಠೋಕಲಾ ಕೀ ಬಸತೋ" ಎಂದರು. ಎರಡೂವರೆ ಸೂತಿನದನ್ನು ಒಯ್ದು ಸುತ್ತಿಗೆಯಿಂದ ಬಡಿದರೆ ಕೂರುತ್ತದಂತೆ. ಬುಧವಾರ ನೆರೆಯುವ ಹಳೆ ಸಾಮಾನಿನ ಜುನಾ ಬಾಜಾರಿನಲ್ಲಿ ಗೋಣಿತಾಟಿನ ಮೇಲೆ ಸುರಿದ ತುಕ್ಕಿನ ಗುಡ್ಡೆಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಕೆದಕಿದೆ. ಅಲ್ಲಿ ನನ್ನ ಜೊತೆ ಕೆದಕುತ್ತಿದ್ದವರು ನನ್ನನ್ನೇ ಅನುಮಾನದಿಂದ ನೋಡಿದರು. ಇಸ್ತ್ರಿ ಅಂಗಿಯವನು ಇಲ್ಲಿ ಹುಡುಕುತ್ತಿದ್ದಾನೆಂದರೆ ಏನೋ ಬೆಲೆಬಾಳುವುದೇ ಇರಬೇಕೆಂದು ಒಬ್ಬ ನಾನು ಮುಟ್ಟಿದ್ದನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ.

ಆ ವಾರ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಇದನ್ನೆಲ್ಲ ಗೊಣಗಿದೆ. ಇಷ್ಟು ದೊಡ್ಡ ಊರಿನಲ್ಲಿ ಒಂದು ಏಳರ ಬೋಲ್ಟು ಮಾಡುವವರಿಲ್ಲವೆಂದೆ, ಮಾದರಿಯನ್ನೂ ತೋರಿಸಿದೆ. ಅಕ್ಕ ಅದನ್ನು ತಿರುಗಿಸಿ ನೋಡಿದಳು. "ಇದೊಂದು ನನ್ನ ಕಡೆ ಇರ್ಲಿ, ಇವರ ಡಬ್ಬಿಯೊಳಗ ಇಂಥಾದ್ದು ಏನರ ಅದ ಏನು ನೋಡ್ತೀನಿ" ಎಂದಳು. ಹೆಂಗಸರಿಗೆ ಇದೇನು ತಿಳಿಯಬೇಕು ಎಂದುಕೊಂಡು ಕೊಟ್ಟು ಬಂದೆ, ಮರೆತೆ.

ಕೆಲವು ವಾರಗಳಾದ ಮೇಲೆ ಸುತ್ತಿಗೆಯ ಶೇಠ್ ಫೋನು ಮಾಡಿದರು. "ಆಲಾ ತುಮಚಾ ಮಾಲ." ನಿಮ್ಮ ಮಾಲು ಬಂತು ಎಂದು. ಹೋಗಿ ನೋಡುತ್ತೇನೆ, ಥಳಥಳ ಹೊಳೆಯುವ ಏಳರ ಬೋಲ್ಟು. ಎಲ್ಲಿಯದು ಎಂದೆ. ಶೇಠ್ ಚಾವಣಿಯ ಕಡೆ ಬೆರಳು ಮಾಡಿ "ಜರ್ಮನೀ" ಎಂದರು. ಕಿಸೆಯ ನಟ್ಟು ತೆಗೆದು ತಿರುಗಿಸಿದೆ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಹೋಯಿತು. ಆ ನಟ್ಟು, ಮೊನ್ನೆ ವಾಶಿಂಗ್ ಮಶೀನಿನಲ್ಲಿ ಸಿಕ್ಕದ್ದೇ, ಯಂತ್ರದ ಜೊತೆ ಬಂದದ್ದು, ಅದಕ್ಕೆ ಹೊಂದಿದರೆ ಹೊಂದಿದಂತೆಯೇ. ಆದರೂ ನನ್ನ ಮೂರು ಅಂಗಡಿಯ ನಿಯಮ ಇತ್ತಲ್ಲ. ಮತ್ತೆರಡು ಕಡೆ ಕೇಳಿದೆ. ಏನಾಶ್ಚರ್ಯ, ಏಳನ್ನು ಯಾರೂ ಮಾಡುವುದೇ ಇಲ್ಲ ಎಂದವನ ಬಳಿಯೂ ಇತ್ತು. ಅವನದು ಜಪಾನಿನದಂತೆ. ಮೂರನೆಯವನು ಸ್ವಲ್ಪ ಸಂಕೋಚದ ಮನುಷ್ಯ, ಲುಧಿಯಾನಾ ಎಂದ. ಮೂರೂ ಕಡೆಯಿಂದ ಒಂದೊಂದು ತಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಒಂದೇ ತಾಯಿಯ ಮಕ್ಕಳಂತಿದ್ದವು.

ಬೋಲ್ಟು ಸಿಕ್ಕ ಸಂತೋಷ ಎರಡು ದಿನವೂ ಉಳಿಯಲಿಲ್ಲ. ತಿಂಗಳುಗಟ್ಟಲೆ ಎಲ್ಲೂ ಇಲ್ಲದ್ದು ಒಮ್ಮೆಲೇ ಮೂರು ದೇಶಗಳಿಂದ ಹೇಗೆ ಬಂತು? ಯಾರೋ ನನ್ನ ಬೆನ್ನ ಹಿಂದೆ ಆಟ ಆಡುತ್ತಿದ್ದಾರೆ ಎನ್ನಿಸಿತು. ಯಂತ್ರ ನಿಲ್ಲಬಾರದೆಂದು ಮಾಲನ್ನು ತರಿಸಿದೆ, ಆದರೆ ಒಂದೊಂದನ್ನೂ ನಟ್ಟಿಗೆ ಹಾಕಿ ತಿರುಗಿಸಿ, ಬಿಸಿಲಿಗೆ ಹಿಡಿದು, ಒಂದೆರಡನ್ನು ಮುರಿಸಿಯೂ ನೋಡಿದೆ. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದದ್ದು ನನ್ನ ಸಂಶಯವನ್ನು ಇನ್ನೂ ಹೆಚ್ಚು ಮಾಡಿತು. ಅತ್ತ ಜೋಶಿ ಸಾಹೇಬರೂ ಸುಮ್ಮನಿರಲಿಲ್ಲ. ಮೂರು ಬೋಲ್ಟುಗಳನ್ನೂ ನೋಡಿ, ಕನ್ನಡಕದ ಮೇಲಿನಿಂದ ನನ್ನನ್ನೂ ನೋಡಿ, ಇವು ಮೂರೂ ಒಬ್ಬನದೇ, ಆ ಒಬ್ಬ ಯಾರೆಂದು ನಿಮಗೆ ಗೊತ್ತಿರಬೇಕಲ್ಲ ಎಂದರು. ನನಗೆ ಗೊತ್ತಿಲ್ಲವೆಂದೆ. ಅವರು ನಂಬಲಿಲ್ಲ. ಇಷ್ಟು ವರ್ಷ ಮಿಠಾಯಿ ತಿನ್ನದೆ ಉಳಿಸಿಕೊಂಡ ಹೆಸರು ಒಂದು ಬೋಲ್ಟಿನಿಂದ ಹೋಗುತ್ತದಲ್ಲ ಎಂದು ನನಗೆ ಊಟ ಸೇರದಾಯಿತು.

ಮಳೆಗಾಲ ಕಳೆದ ಮೇಲೆ ಯಂತ್ರದ ಮೆಕ್ಯಾನಿಕ್ ಶಿಂದೆ ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಸ್ಟೋರಿನಲ್ಲಿ ಕೆಲಕಾಲ ಇದ್ದ ಬೋಲ್ಟುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. "ಸಾಹೇಬ, ಹಾ ಬೋಲ್ಟ ಆಹೇ ಕೀ ಚಿಕ್ಕೀ?" ಎಂದು ನನ್ನ ಮೇಜಿನ ಮೇಲೆ ಇಟ್ಟ. ನಿಜಕ್ಕೂ ಲೋಣಾವಳದ ಚಿಕ್ಕಿಯಂತೆಯೇ ಇತ್ತು, ಮೇಲೆ ಹಳದಿಯ ಅಂಟು. ಉಗುರಿನಿಂದ ಕೆರೆದು ಮೂಸಿದೆ. ಮಶೀನು ಎಣ್ಣೆಯ ವಾಸನೆಯಲ್ಲ. ತೀರ ಗುರುತಿನ ವಾಸನೆ, ಆದರೆ ಕಾರ್ಖಾನೆಯಲ್ಲಿ ಅದಕ್ಕೆ ಹೆಸರು ಹೊಳೆಯಲೊಲ್ಲದು. ಆ ಪೊಟ್ಟಣವನ್ನು ಕೈಚೀಲದಲ್ಲಿಟ್ಟುಕೊಂಡು ಬಂದೆ.

ಹೆಸರು ಹೊಳೆದದ್ದು ರವಿವಾರ ಅಕ್ಕನ ಮನೆಯಲ್ಲಿ. ಬಿಸಿ ರೊಟ್ಟಿ ಹಾಕಿ, ಗುರೆಳ್ಳು ಚಟ್ನಿಪುಡಿಯ ನಡುವೆ ಕುಳಿ ಮಾಡಿ ಅಕ್ಕ ಎಣ್ಣೆ ಹಾಕಿದಳು. ಧಾರವಾಡದ ಕಡೆಯ ಗಾಣದ ಕುಸುಬಿ ಎಣ್ಣೆ, ಊರಿನಿಂದ ಯಾರು ಬಂದರೂ ಅವಳಿಗೆ ಒಂದು ಡಬ್ಬಿ ತರಲೇಬೇಕು. ತುತ್ತು ಬಾಯಿಗೆ ಹೋಗುವ ಮೊದಲೇ ಮೂಗಿಗೆ ಬಡಿಯಿತು, ಪೊಟ್ಟಣದ ವಾಸನೆ ಇದೇ. ಜರ್ಮನಿಯವರು ಕುಸುಬಿ ಎಣ್ಣೆ ಬಳಸುವುದನ್ನು ನಾನು ಕೇಳಿರಲಿಲ್ಲ. ಸೊಲ್ಲಾಪುರದ ಕಡೆಯವರೂ ಬಳಸುತ್ತಾರೆ, ನಿಜ. ಆದರೆ ಬಡಿಸುತ್ತಿದ್ದ ಅಕ್ಕನ ಕೈಯನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ, ಭಾವನವರ ಕೈಯಲ್ಲಿ ಇರುತ್ತಿತ್ತಲ್ಲ, ಅಂಥದೇ.

"ಅಕ್ಕಾ, ಶೆಡ್ ಯಾರಿಗೆ ಬಾಡಿಗಿ ಕೊಟ್ಟೀ?"

"ಯಾರಿಗೂ ಕೊಟ್ಟಿಲ್ಲ" ಎಂದಳು. "ಊಟಾ ಮಾಡು ಮೊದ್ಲು."

"ಮತ್ತ ಬಾಡಿಗಿ ಬರ್ತದ ಅಂತಿದ್ದಿ?"

"ಮನಿ ನಡೀತದ ಅಂತ ಹೇಳ್ಬೇಕಿತ್ತು, ಬಾಡಿಗಿ ಬರ್ತದ ಅಂದೆ. ಇವರ ಕಡೆ ಇದ್ದ ತುಕಾರಾಮ ಲೇಥ್ ಹೊಡೀತಾನ. ನಾ ಅಳತಿ ನೋಡ್ತೀನಿ, ಅಂಗಡಿಗೆ ಒಯ್ದು ಕೊಡ್ತೀನಿ."

ಕೈಚೀಲದಿಂದ ಮುದ್ದೆಯನ್ನು ತೆಗೆದು ಅವಳ ಮುಂದಿಟ್ಟೆ. ಅಕ್ಕ ನಾಲಿಗೆ ಕಚ್ಚಿಕೊಂಡಳು. ಶೆಡ್ಡು ಸೋರುತ್ತಿದ್ದದ್ದರಿಂದ ಬೋಲ್ಟುಗಳನ್ನು ಅಡುಗೆಮನೆಗೆ ತಂದು ಒರೆಸಿ ಪೊಟ್ಟಣ ಕಟ್ಟುತ್ತಿದ್ದಳಂತೆ. "ಮಶೀನ್ ಎಣ್ಣಿ ಅಡಗಿಮನ್ಯಾಗ ತಂದ್ರ ಹಿಟ್ಟಿಗೂ ವಾಸನಿ ಹತ್ತತಿತ್ತು. ತುಕ್ಕು ಹಿಡೀಬಾರದು ಅಷ್ಟ ಅಲ್ಲ, ಎಣ್ಣಿ ಯಾವುದಾದ್ರೇನು ಅಂತ ಇದನ್ನ ಸವರಿದೆ. ಹಿಂಗ ಗಟ್ಟಿ ಆಗ್ತದ ಅಂತ ಯಾರಿಗೆ ಗೊತ್ತಿತ್ತು" ಎಂದಳು. ಹಬ್ಬದ ಕರಿದ ಎಣ್ಣೆ ಬಾಣಲೆಯ ಅಂಚಿಗೆ ಅಂಟಿ ಹಳದಿಯಾಗುವುದನ್ನು ಜನ್ಮವೆಲ್ಲ ಉಜ್ಜಿ ತೊಳೆದವಳು ಅವಳು. ಅದೇ ಎಣ್ಣೆ ಬೋಲ್ಟಿಗೂ ಹಾಗೇ ಮಾಡೀತೆಂದು ಹೊಳೆದಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಮೂರು ಅಂಗಡಿ ಯಾಕೆ ಎಂದೆ.

"ನೀನ ಹೇಳಿದ್ಯಲ್ಲೋ, ಮೂರು ಕಡೆ ರೇಟು ಬರ್ಲಿಲ್ಲಂದ್ರ ನಾ ತಗೊಳ್ಳೂದಿಲ್ಲ ಅಂತ. ಬಂದಾಗೊಮ್ಮೆ ಅದನ್ನ ಹೇಳ್ತಿದ್ದಿ. ಅದಕ್ಕ ಮೂರು ಕಡೆ ಕೊಟ್ಟೆ. ಜರ್ಮನಿ ಜಪಾನ ಅವರು ಹೇಳಿದ್ದು, ನಾ ಅಲ್ಲ."

"ನನಗ್ಯಾಕ ಹೇಳ್ಲಿಲ್ಲ? ನನ್ನ ಹೆಸರಿಗೆ ಏನಾಗ್ತದ ಅಂತ ವಿಚಾರ ಮಾಡಿದ್ದ್ಯಾ?"

ಅಕ್ಕ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದಳು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. "ಹೇಳಿದ್ರ ಎರಡರಾಗ ಒಂದು ಆಗ್ತಿತ್ತು. ನಿಯಮ ಅಂತ ಬ್ಯಾಡ ಅಂತಿದ್ದಿ, ಇಲ್ಲಾ ಗಂಡ ಸತ್ತಾಕಿ ಅಂತ ಕಣ್ಣು ಮುಚ್ಚಿ ತಗೋತಿದ್ದಿ. ನನಗ ಎರಡೂ ಬ್ಯಾಡಾಗಿತ್ತು. ಇವರು ಹೋದ ಮ್ಯಾಲ ನಾ ಮಾಡಿದ್ದು ಖರೇನ ಛಲೋ ಅದನೋ, ಇಲ್ಲಾ ಎಲ್ಲಾರೂ ಕನಿಕರಕ್ಕ ತಗೊಳ್ಳಿಕ್ಕತ್ತಾರೋ, ನನಗ ಗೊತ್ತಾಗಬೇಕಿತ್ತು. ಈ ಊರಾಗ ನಿನಗಿಂತ ಹೆಚ್ಚು ಸಂಶಯದಾಂವ ಯಾರಿದ್ದಾರ? ನೀ ಅಷ್ಟೆಲ್ಲಾ ಪರೀಕ್ಷಾ ಮಾಡಿ ತಗೊಂಡಿ ಅಂತ ಶೇಠ್ ಹೇಳಿದ ದಿನಾ, ಇವರು ಹೋದ ಮ್ಯಾಲ ಮೊದಲನೇ ಸಲ ನಾ ಹೊಟ್ಟಿತುಂಬ ಉಂಡೆ ನೋಡು."

ನನ್ನ ಸಂಶಯ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ರೊಟ್ಟಿ ಆರಿಹೋಗಿತ್ತು, ಅದನ್ನೇ ಮುರಿಯುತ್ತ ಕೂತೆ.

"ಇನ್ನ ನಿನಗ ಗೊತ್ತಾತಲ್ಲ, ನಾಳಿಂದ ಕೊಡೂದಿಲ್ಲ ಬಿಡು" ಎಂದಳು ಅಕ್ಕ, ಪಾತ್ರೆ ಎತ್ತುತ್ತ.

ಹಾಗೆ ಬಿಡುವಂತಿರಲಿಲ್ಲ. ಶೆಡ್ಡಿಗೆ ಬರುತ್ತಿದ್ದ ನೆಚ್ಚಿಕೆಯ ಕೆಲಸ ಈ ಬೋಲ್ಟೊಂದೇ ಎಂದು ಆ ಸಂಜೆ ತುಕಾರಾಮನನ್ನು ಕಂಡು ಕೇಳಿ ತಿಳಿದುಕೊಂಡೆ. ಅದು ನಿಂತರೆ ಅಕ್ಕನ ಲೇಥು ನಿಂತಂತೆ, ನಮ್ಮ ಯಂತ್ರವೂ ನಿಂತಂತೆ. ಸುಮ್ಮನಿದ್ದು ತೆಗೆದುಕೊಳ್ಳುತ್ತ ಹೋದರೆ ಹಬ್ಬದ ಊಟದಲ್ಲಿ ಹೋಳಿಗೆಯ ರುಚಿ ಕೆಡಿಸಿದ ನಾಲಿಗೆಗೆ ಅರ್ಥವಿರುವುದಿಲ್ಲ. ಉಳಿದ ದಾರಿ ಒಂದೇ, ಕುರ್ಚಿಯಿಂದ ನಾನು ಏಳುವುದು. ನನಗೆ ಆ ಕುರ್ಚಿಯ ಮೇಲೆ ಎಷ್ಟು ಮೋಹವಿತ್ತೆಂಬುದು ಅವತ್ತೇ ತಿಳಿಯಿತು. ಎದುರಿಗೆ ಕೂತ ವ್ಯಾಪಾರಿ ಬೆವರುವುದನ್ನು ನೋಡುವ ಸುಖ ಬಿಟ್ಟುಕೊಡುವುದು ಸುಲಭವಲ್ಲ.

ಮರುದಿನ ಜೋಶಿ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ, ಎಣ್ಣೆಯನ್ನೂ ಬಿಡದೆ. "ಸಖ್ಖೀ ಬಹೀಣ, ಆಣಿ ತುಮ್ಹಾಲಾ ಮಾಹೀತ ನವ್ಹತಂ?" ಎಂದರು. ಒಡಹುಟ್ಟಿದ ಅಕ್ಕ, ನಿಮಗೆ ಗೊತ್ತೇ ಇರಲಿಲ್ಲವೇ ಎಂದು. ಇದೇ ಕಥೆಯನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ಸಾಹೇಬರು ಬಹಳ ಹೊತ್ತು ಮೇಜಿನ ಗಾಜನ್ನು ಒರೆಸುತ್ತ ಕೂತರು. ಕೊನೆಗೆ, ನಾನು ನಂಬುತ್ತೇನೆ, ಆದರೆ ಆ ಕುರ್ಚಿ ನನ್ನ ನಂಬಿಕೆಯ ಮೇಲೆ ನಡೆಯುವುದಿಲ್ಲ ಎಂದರು. ನಾನೂ ಅದನ್ನೇ ಹೇಳಲು ಬಂದಿದ್ದೆ. ನನ್ನನ್ನು ಮಾಲು ಹೊರಗೆ ಕಳಿಸುವ ವಿಭಾಗಕ್ಕೆ ಹಾಕಿದರು. ಮೂರು ಅಂಗಡಿಗಳನ್ನು ಬಿಟ್ಟು ಅಕ್ಕನ ಹೆಸರಿನಲ್ಲೇ ಬೋಲ್ಟು ತೆಗೆದುಕೊಳ್ಳುವುದಾಗಿ ಹೊಸ ಖರೀದಿಯವನು ಒಪ್ಪಿದ. ಕ್ಯಾಂಟೀನಿನಲ್ಲಿ ಒಂದೆರಡು ತಿಂಗಳು ನನ್ನ ಬೆನ್ನ ಹಿಂದೆ ಪಿಸುಮಾತು ನಡೆಯಿತು. ನಾನು ಎದುರು ತಿರುಗಿ ಕೂತು ಉಣ್ಣುವುದನ್ನು ಕಲಿತೆ.

ತನ್ನ ಹೆಸರಿನಲ್ಲಿ ಮೊದಲ ಸಲ ಮಾಲು ಕೊಡಲು ಅಕ್ಕ ತಾನೇ ಚಾಕಣಕ್ಕೆ ಬಂದಳು, ಕಾತ್ರಜದಿಂದ ಬಸ್ಸು ಬದಲಿಸುತ್ತ. ಈ ಸಲ ಸರಿಯಾದ ಎಣ್ಣೆ, ಮೇಲೆ ಮೇಣದ ಕಾಗದ. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟಿದ್ದಳಂತೆ. ನನಗೆ ಗೇಟಿನ ಕಡೆ ಹೋಗುವ ಧೈರ್ಯವಾಗಲಿಲ್ಲ. ಹೋದರೆ ಅಕ್ಕತಮ್ಮಂದಿರ ಸಂಚು ಎನ್ನುತ್ತಾರೆಂದು ನನ್ನ ಜಾಗದಲ್ಲೇ ಕೂತಿದ್ದೆ.

ಸಂಜೆ ಅವಳು ನಮ್ಮ ಮನೆಗೆ ಬಂದಳು. ಕೈಚೀಲ ಖಾಲಿ ಇತ್ತು.

"ಮಾಲು ತಗೊಂಡ್ರೇನ್ರಿ ಅಕ್ಕಾರ?" ಎಂದು ನನ್ನ ಹೆಂಡತಿ ಕೇಳಿದಳು.

"ತಗೊಂಡ್ರವಾ."

"ಮತ್ತ ಮಾರಿ ಯಾಕ ಸಪ್ಪಗದ?"

ಅಕ್ಕ ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಆ ಹೊಸಾ ಮನಷ್ಯಾ ಪೊಟ್ಟಣಾ ಬಿಚ್ಚಲೇ ಇಲ್ಲೋ ವಸಂತಾ. ಯಾರ ಕಡೆಯಿಂದ ಅಂದಾ, ನನ್ನ ಹೆಸರು ಹೇಳಿದೆ. ಹಾಂ ಹಾಂ ಸಾಹೇಬರ ಅಕ್ಕ, ಗೊತ್ತಾತು ಅಂದಾ, ಸಹಿ ಮಾಡಿ ಅತ್ತಾಗ ಸರಿಸಿಬಿಟ್ಟಾ. ಒಂದ... ಒಂದನ್ನರ ಕೈಯಾಗ ಹಿಡೀಲಿಲ್ಲ."

ಭಾವ ಹೋದಾಗಲೂ ನಮ್ಮೆದುರು ಅಳದಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.